ಹಳೆಯ ಟ್ರ್ಯಾಕ್ಟರಿನ ಮರುಹುಟ್ಟು

ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದೊಡನೆ ಗಂಗಾವತಿಯ ಸುತ್ತಣ ಹಳ್ಳಿಗಳಲ್ಲಿ ಟ್ರ್ಯಾಕ್ಟರುಗಳ ಸದ್ದು ಮೊದಲಾಗುತ್ತದೆ. ಸಾಮಾನ್ಯವಾಗಿ ಜುಲೈ ತಿಂಗಳಿನಲ್ಲಿ ಬರುವ ಈ ನೀರಿಗೆ ಸಸಿಮಡಿಗಳು ಕಾದಿರುತ್ತವೆ. ನೀರು ಬಂದ ಕೆಲವೇ ವಾರಗಳಲ್ಲಿ ಗದ್ದೆಯನ್ನು ಉತ್ತು, ಕೆಸರು ಮಾಡಿ, ಭತ್ತದ ನಾಟಿಯನ್ನು ಮುಗಿಸಬೇಕು. ಆ ಕೆಲವು ವಾರಗಳಲ್ಲಿ ಟ್ರ್ಯಾಕ್ಟರು ಮನೆಯ ಮುಂದೆ ಸುಮ್ಮನೆ ನಿಂತರೆ ಅದರ ಒಡೆಯನಿಗೆ ಆಗುವ ನಷ್ಟ ಆ ವರ್ಷದ ಬೆಳೆಯನ್ನೇ ತಟ್ಟಬಹುದು.

ಹೇಮಗುಡ್ಡದಂತಹ ಗ್ರಾಮಗಳಲ್ಲಿ ಎರಡು ಮೂರು ದಶಕ ದುಡಿದ ಟ್ರ್ಯಾಕ್ಟರುಗಳು ಇಂದಿಗೂ ಅಪರೂಪವಲ್ಲ. ಅವು ಮುಪ್ಪಾದುದನ್ನು ತಿಳಿಸುವ ಲಕ್ಷಣಗಳೂ ಎಲ್ಲರಿಗೂ ಪರಿಚಿತವೇ. ಚಳಿಗಾಲದ ಮುಂಜಾನೆ ಎಂಜಿನ್ನು ಎಷ್ಟು ತಿರುಗಿಸಿದರೂ ಹತ್ತುವುದಿಲ್ಲ; ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸಬೇಕಾಗುತ್ತದೆ. ಹತ್ತಿದ ಮೇಲೆ ನೀಲಿ ಹೊಗೆ ಬರುತ್ತದೆ. ಆಗಾಗ ಎಣ್ಣೆ ಸುರಿಯಬೇಕಾಗುತ್ತದೆ. ಎಂಜಿನ್ನು ಕಾದಂತೆಲ್ಲ ಎಣ್ಣೆಯ ಒತ್ತಡವನ್ನು ತೋರಿಸುವ ಮುಳ್ಳು ಕೆಳಗಿಳಿಯುತ್ತದೆ. "ಎಂಜಿನ್ ದಮ್ಮು ಹೋಗೇದ" ಎಂದು ಮೇಸ್ತ್ರಿ ಹೇಳುತ್ತಾನೆ. ಹೇಳಿ ಎರಡು ಬೆಲೆಗಳನ್ನು ಮುಂದಿಡುತ್ತಾನೆ. ಒಂದು "ಹಾಫ್ ಎಂಜಿನ್" ಕೆಲಸ: ಮೇಲಿನ ಹೆಡ್ಡನ್ನು ಬಿಚ್ಚಿ ಪಿಸ್ಟನ್, ರಿಂಗು, ಲೈನರುಗಳನ್ನು ಹೊಸದಾಗಿ ಹಾಕುವುದು. ಇನ್ನೊಂದು "ಫುಲ್ ಎಂಜಿನ್" ಕೆಲಸ: ಕೆಳಗಿನ ಕ್ರ್ಯಾಂಕಿನ ದಂಡವನ್ನೂ ಹೊರತೆಗೆದು, ಕಡೆಸಿ, ಹೊಸ ಬೇರಿಂಗುಗಳೊಡನೆ ಕೂಡಿಸುವುದು. ಎರಡರ ಖರ್ಚಿನಲ್ಲಿ ಬಹಳ ಅಂತರವಿದೆ. ಅನಾವಶ್ಯಕವಾಗಿ ದೊಡ್ಡ ಕೆಲಸ ಮಾಡಿಸಿದರೆ ಹಣ ಪೋಲು. ಅಗತ್ಯವಿದ್ದೂ ಚಿಕ್ಕ ಕೆಲಸದಲ್ಲಿ ಮುಗಿಸಿದರೆ ಮುಂದಿನ ನಾಟಿಯ ವೇಳೆಗೆ ಮತ್ತೆ ಎಂಜಿನ್ನು ಬಿಚ್ಚಬೇಕು.

ಈ ಎರಡರಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ಅಳತೆಯಿಂದ ತೀರ್ಮಾನಿಸಬಹುದು. ಅಳತೆಯ ಅರ್ಥವನ್ನು ತಿಳಿಯಲು ಪ್ರೌಢಶಾಲೆ, ಕಾಲೇಜುಗಳಲ್ಲಿ ಕಲಿಯುವ ಭೌತಶಾಸ್ತ್ರದ ನಾಲ್ಕೈದು ನಿಯಮಗಳು ಸಾಕು. ಎಂಜಿನ್ನನ್ನು ನಾವು ಕಬ್ಬಿಣದ ಭಾಗಗಳ ಸಮೂಹವೆಂದು ಭಾವಿಸುತ್ತೇವೆ. ಆದರೆ ಅದರ ಬಾಳು ನಿಂತಿರುವುದು ಆ ಭಾಗಗಳ ನಡುವಣ ಸಂದುಗಳ ಮೇಲೆ. ಸಂದುಗಳು ಸರಿಯಾದ ಅಳತೆಯಲ್ಲಿರುವಷ್ಟು ಕಾಲ ಎಂಜಿನ್ನಿಗೆ ಯೌವನ. ಅವು ಹಿಗ್ಗಿದಾಗ ಮುಪ್ಪು. ಮರುಹುಟ್ಟೆಂದರೆ ಸಂದುಗಳನ್ನು ಮತ್ತೆ ಮೊದಲಿನ ಅಳತೆಗೆ ತರುವುದು. ಇದು ಹೇಗೆಂಬುದನ್ನು ವಿಚಾರ ಮಾಡೋಣ.

ಈ ಯಂತ್ರಗಳು ಬಂದ ಬಗೆ

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಕಾಲುವೆಯ ನೀರು ಹರಿದ ಮೇಲೆ ಗಂಗಾವತಿಯ ಸೀಮೆ ಭತ್ತದ ಕಣಜವಾಯಿತು. ಅದೇ ದಶಕದ ಕೊನೆಯಲ್ಲಿ ಭಾರತದಲ್ಲಿ ಟ್ರ್ಯಾಕ್ಟರುಗಳ ತಯಾರಿಕೆಯೂ ಆರಂಭವಾಯಿತು. 1959ರಲ್ಲಿ ಫರೀದಾಬಾದಿನಲ್ಲಿ ಐಷರ್ ಟ್ರ್ಯಾಕ್ಟರು ಹೊರಬಂದಿತು. 1960ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಟಾಫೆ ಕಂಪನಿಯು ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರುಗಳನ್ನು ತಯಾರಿಸತೊಡಗಿತು. ಬೆಂಗಳೂರಿನಲ್ಲಿ 1953ರಲ್ಲಿ ಜನ್ಮತಾಳಿದ ಎಚ್.ಎಂ.ಟಿ. ಸಂಸ್ಥೆಯು 1971ರಿಂದ ಪಿಂಜೋರಿನ ಕಾರ್ಖಾನೆಯಲ್ಲಿ ಜೆಟರ್ ಮಾದರಿಯ ಟ್ರ್ಯಾಕ್ಟರುಗಳನ್ನು ಮಾಡಿತು. ಈ ವಿಭಾಗವನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ತಯಾರಿಕೆ ನಿಂತ ಯಂತ್ರದ ಒಡೆಯನಿಗೆ ಮರುಜೋಡಣೆಯ ವಿದ್ಯೆ ಎಷ್ಟು ಮುಖ್ಯವೆಂಬುದನ್ನು ಓದುಗರೇ ಊಹಿಸಬಹುದು.

ಲೆಕ್ಕಕ್ಕೆ ಅನುಕೂಲವಾಗಲೆಂದು ನಾವು ಒಂದು ಪ್ರಸಿದ್ಧ ಎಂಜಿನ್ನನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮ್ಯಾಸಿ ಫರ್ಗುಸನ್ 35 ಟ್ರ್ಯಾಕ್ಟರಿನಲ್ಲಿದ್ದ ಪರ್ಕಿನ್ಸ್ ಡೀಸೆಲ್ ಎಂಜಿನ್ನಿಗೆ ಮೂರು ಸಿಲಿಂಡರುಗಳು. ಒಂದೊಂದರ ಒಳವ್ಯಾಸ 3.6 ಅಂಗುಲ, ಎಂದರೆ 91.4 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 5 ಅಂಗುಲ, ಎಂದರೆ 127 ಮಿಲಿಮೀಟರ್. ಪಿಸ್ಟನ್ನು ಒಂದು ಸಲ ಚಲಿಸಿದಾಗ ಸವರುವ ಗಾತ್ರ ಸುಮಾರು 833 ಘನ ಸೆಂಟಿಮೀಟರ್. ಮೂರೂ ಸೇರಿ ಎರಡೂವರೆ ಲೀಟರ್.

ಕಿಡಿಯಿಲ್ಲದ ಬೆಂಕಿ

ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಗಮನಿಸಿದ್ದಾರೆ. ಗಾಳಿಯನ್ನು ಬೇಗನೆ ಒತ್ತಿದಾಗ ನಾವು ಮಾಡಿದ ಕೆಲಸವು ಗಾಳಿಯ ಶಾಖವಾಗಿ ಉಳಿಯುತ್ತದೆ. 1890ರ ದಶಕದಲ್ಲಿ ಜರ್ಮನಿಯ ರುಡಾಲ್ಫ್ ಡೀಸೆಲನು ತನ್ನ ಎಂಜಿನ್ನಿಗೆ ಬುನಾದಿಯಾಗಿ ಇಟ್ಟುಕೊಂಡದ್ದು ಈ ತತ್ತ್ವವನ್ನೇ. 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಅವನ ಎಂಜಿನ್ನು ಯಶಸ್ವಿಯಾಗಿ ಓಡಿತು. ಅದರಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಗಾಳಿಯನ್ನು ಒತ್ತಿ ಒತ್ತಿ, ಅದು ಬೆಂಕಿ ಹೊತ್ತಿಸುವಷ್ಟು ಕಾದಾಗ ಎಣ್ಣೆಯನ್ನು ಚಿಮುಕಿಸಿದರೆ ಎಣ್ಣೆ ತಾನಾಗಿಯೇ ಉರಿಯುತ್ತದೆ.

ಇದನ್ನು ಅಂಕಿಗಳಲ್ಲಿ ನೋಡೋಣ. ಸಿಲಿಂಡರಿನ ಗಾಳಿಯನ್ನು 17ನೆಯ ಒಂದು ಭಾಗಕ್ಕೆ ಒತ್ತಿದೆವೆಂದು ಭಾವಿಸೋಣ. ಶಾಖವೂ ಗಾಳಿಯೂ ಸ್ವಲ್ಪವೂ ಸೋರದಿದ್ದರೆ, ನಿರಪೇಕ್ಷ ಉಷ್ಣತೆಯು 17ರ ಘಾತ 0.4ರಷ್ಟು, ಎಂದರೆ ಸುಮಾರು 3.1 ಪಟ್ಟು ಏರಬೇಕು. 300 ಕೆಲ್ವಿನ್ ಇದ್ದ ಗಾಳಿ 930 ಕೆಲ್ವಿನ್ನಿಗೆ, ಎಂದರೆ ಸುಮಾರು 660 ಡಿಗ್ರಿ ಸೆಂಟಿಗ್ರೇಡಿಗೆ ಕಾಯುತ್ತದೆ. ವಾಸ್ತವವಾಗಿ ಒಂದಿಷ್ಟು ಶಾಖ ಗೋಡೆಗಳಿಗೆ ಹೋಗುತ್ತದೆ, ಒಂದಿಷ್ಟು ಗಾಳಿ ಸೋರುತ್ತದೆ. ಆದುದರಿಂದ ಒಳ್ಳೆಯ ಎಂಜಿನ್ನಿನಲ್ಲಿಯೂ ಘಾತವನ್ನು 0.35 ಎಂದು ಹಿಡಿಯುವುದು ಹೆಚ್ಚು ಸರಿ. ಆಗ ಉಷ್ಣತೆ 2.7 ಪಟ್ಟು ಏರುತ್ತದೆ. ಫಲ ಸುಮಾರು 535 ಡಿಗ್ರಿ. ಸಂದುಗಳು ಹಿಗ್ಗಿ, ಸೋರಿಕೆ ಹೆಚ್ಚಿ, ಘಾತವು 0.25ಕ್ಕೆ ಇಳಿಯಿತೆನ್ನೋಣ. ಉಷ್ಣತೆ ಎರಡು ಪಟ್ಟು ಮಾತ್ರ ಏರುತ್ತದೆ. ಫಲ ಸುಮಾರು 335 ಡಿಗ್ರಿ.

335 ಡಿಗ್ರಿಯೂ ಸಾಕಷ್ಟು ಬಿಸಿಯೇ ಅಲ್ಲವೆ ಎಂದು ಕೇಳಬಹುದು. ಸಾಕಷ್ಟು ವೇಳೆ ಸಿಕ್ಕಿದರೆ ಡೀಸೆಲ್ ಎಣ್ಣೆ ಆ ಉಷ್ಣತೆಯಲ್ಲಿ ಹೊತ್ತಿಕೊಳ್ಳುವುದು ನಿಜ. ಆದರೆ ಎಂಜಿನ್ನಿನಲ್ಲಿ ವೇಳೆಯೆಲ್ಲಿದೆ? ಸ್ಟಾರ್ಟರು ಮಿನಿಷಕ್ಕೆ 200 ಸುತ್ತಿನಂತೆ ತಿರುಗಿಸುವಾಗ ಎಣ್ಣೆ ಚಿಮ್ಮಿದ ಮೇಲೆ ಪಿಸ್ಟನ್ನು ಮೇಲಿನ ತುದಿಯನ್ನು ಮುಟ್ಟಲು ಉಳಿದಿರುವ ಸಮಯ ಒಂದು ಸೆಕೆಂಡಿನ 60ನೆಯ ಒಂದು ಭಾಗದಷ್ಟು. ಅಷ್ಟರಲ್ಲಿ ಹನಿ ಆವಿಯಾಗಿ, ಗಾಳಿಯೊಡನೆ ಬೆರೆತು, ಹೊತ್ತಬೇಕು. ಉಷ್ಣತೆ ಕಡಿಮೆಯಾದಷ್ಟೂ ಹೊತ್ತಲು ಬೇಕಾದ ವೇಳೆ ಹೆಚ್ಚುತ್ತದೆ. ಪಿಸ್ಟನ್ನು ಕೆಳಗಿಳಿಯತೊಡಗಿದರೆ ಗಾಳಿ ಮತ್ತೆ ತಣ್ಣಗಾಗಿಬಿಡುತ್ತದೆ. ಉರಿಯದ ಎಣ್ಣೆ ಬಿಳಿಯ ಹೊಗೆಯಾಗಿ ಹೊರಬೀಳುತ್ತದೆ.

ಮುದಿ ಎಂಜಿನ್ನು ಮೇ ತಿಂಗಳಿನಲ್ಲಿ ಹತ್ತಿ, ಡಿಸೆಂಬರಿನಲ್ಲಿ ಮುಷ್ಕರ ಹೂಡುವುದೇಕೆ ಎಂಬುದೂ ಇದರಿಂದ ತಿಳಿಯುತ್ತದೆ. ಮೇ ತಿಂಗಳ 40 ಡಿಗ್ರಿಗೂ ಡಿಸೆಂಬರಿನ ಮುಂಜಾನೆಯ 15 ಡಿಗ್ರಿಗೂ ಇರುವ ಅಂತರ 25 ಡಿಗ್ರಿ. ಒತ್ತಿದ ಮೇಲೆ ಅದು ಒಳ್ಳೆಯ ಎಂಜಿನ್ನಿನಲ್ಲಿ 67 ಡಿಗ್ರಿಯಾಗುತ್ತದೆ, ಮುದಿ ಎಂಜಿನ್ನಿನಲ್ಲಿ 50 ಡಿಗ್ರಿಯಾಗುತ್ತದೆ. ಒಳ್ಳೆಯ ಎಂಜಿನ್ನಿಗೆ ಅದನ್ನು ಬಿಟ್ಟುಕೊಡುವಷ್ಟು ಹೆಚ್ಚಳವಿದೆ. ಮುದಿ ಎಂಜಿನ್ನಿಗೆ ಇಲ್ಲ. ಎಳೆಸಿದಾಗ ಹತ್ತುವುದಕ್ಕೂ ಕಾರಣ ಸುಲಭ. ವೇಗವಾಗಿ ತಿರುಗಿದರೆ ಗಾಳಿ ಸೋರಲು, ಶಾಖ ಗೋಡೆಗೆ ಹೋಗಲು ಸಮಯ ಸಾಲದು. ಆದ್ದರಿಂದಲೇ ಬ್ಯಾಟರಿ ದುರ್ಬಲವಾಗಿದ್ದರೂ ಇದೇ ಲಕ್ಷಣ ಕಾಣಿಸಿಕೊಳ್ಳುತ್ತದೆ. ಎಂಜಿನ್ನನ್ನು ಬಿಚ್ಚುವ ಮುನ್ನ ಬ್ಯಾಟರಿ, ಗಾಳಿಯ ಸೋಸುಕ, ಎಣ್ಣೆ ಚಿಮುಕಿಸುವ ನಾಜಲ್ ಇವುಗಳನ್ನು ಪರೀಕ್ಷಿಸಬೇಕೆನ್ನುವುದು ಅದಕ್ಕಾಗಿ.

ಬೆಟ್ಟದ ಕಲ್ಲು, ಗಾಳಿಯ ಧೂಳು

ಸಂದು ಹಿಗ್ಗುವುದಾದರೂ ಹೇಗೆ? ಹೇಮಗುಡ್ಡದ ಸುತ್ತ ಕಣ್ಣು ಹಾಯಿಸಿದರೆ ಒಂದು ದೊಡ್ಡ ಕಾರಣ ಎದುರಿಗೇ ನಿಂತಿದೆ. ಅಲ್ಲಿನ ಕೋಟೆಯನ್ನೂ ದುರ್ಗೆಯ ಗುಡಿಯನ್ನೂ ಸುತ್ತುವರಿದಿರುವ ಬಂಡೆಗಳು ಗ್ರಾನೈಟಿನ ಜಾತಿಯವು. ಬಿಸಿಲು ಮಳೆಗಳಿಂದ ಅವು ಶಿಥಿಲವಾದಾಗ ಇತರ ಖನಿಜಗಳು ಬಹುಮಟ್ಟಿಗೆ ಜೇಡಿಯಾಗುತ್ತವೆ. ಸ್ಫಟಿಕ ಶಿಲೆ ಮಾತ್ರ ಮರಳಾಗಿ, ನುಣ್ಣನೆಯ ಧೂಳಾಗಿ ಉಳಿಯುತ್ತದೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾನದಲ್ಲಿ ಸ್ಫಟಿಕ ಶಿಲೆಯ ಸ್ಥಾನ 7. ಸಿಲಿಂಡರಿನ ಬೀಡುಕಬ್ಬಿಣವು ಅದಕ್ಕಿಂತ ಮೆದು. ಆದ್ದರಿಂದ ಈ ಧೂಳು ಎಂಜಿನ್ನಿನೊಳಗೆ ಹೊಕ್ಕರೆ ಉಪ್ಪುಕಾಗದದಂತೆ ಉಜ್ಜುತ್ತದೆ.

ಎಷ್ಟು ಧೂಳು ಹೊಗಬಲ್ಲದು? ನಮ್ಮ ಎರಡೂವರೆ ಲೀಟರಿನ ಎಂಜಿನ್ನು ಎರಡು ಸುತ್ತಿಗೊಮ್ಮೆ ತನ್ನ ಗಾತ್ರದ ಗಾಳಿಯನ್ನು ಸೇದುತ್ತದೆ. ಮಿನಿಷಕ್ಕೆ 1500 ಸುತ್ತು ತಿರುಗಿದರೆ, ಪೂರ್ತಿಯಾಗಿ ತುಂಬದಿರುವುದನ್ನು ಕಳೆದು, ಮಿನಿಷಕ್ಕೆ ಸುಮಾರು 1500 ಲೀಟರ್, ಗಂಟೆಗೆ 90 ಘನ ಮೀಟರ್. ಹತ್ತು ಗಂಟೆಯ ಒಂದು ದಿನದ ದುಡಿಮೆಯಲ್ಲಿ ನಾಲ್ಕು ದೊಡ್ಡ ತರಗತಿಯ ಕೊಠಡಿಗಳನ್ನು ತುಂಬುವಷ್ಟು ಗಾಳಿ ಅದರ ಹೊಟ್ಟೆಯನ್ನು ಸೇರಿರುತ್ತದೆ. ಒಣಭೂಮಿಯನ್ನು ಉಳುವಾಗ ಏಳುವ ಗಾಳಿಯ ಒಂದೊಂದು ಘನ ಮೀಟರಿನಲ್ಲಿ ಗ್ರಾಮಿನ ಹತ್ತನೆಯ ಒಂದು ಭಾಗದಷ್ಟು ಧೂಳಿದ್ದರೂ ದಿನಕ್ಕೆ 90 ಗ್ರಾಂ ಆಯಿತು. ಕುಷ್ಟಗಿ, ಯಲಬುರ್ಗಿಗಳ ಮಳೆಯಾಶ್ರಿತ ಹೊಲಗಳಲ್ಲಿ ಬೇಸಿಗೆಯ ಉಳುಮೆ ಮಾಡುವ ಟ್ರ್ಯಾಕ್ಟರಿಗೆ ಈ ಅಪಾಯ ಇನ್ನೂ ಹೆಚ್ಚು.

ಇದನ್ನು ತಡೆಯುವುದು ಹಳೆಯ ಟ್ರ್ಯಾಕ್ಟರುಗಳಲ್ಲಿರುವ ಎಣ್ಣೆಬಟ್ಟಲಿನ ಸೋಸುಕ. ಒಳಬರುವ ಗಾಳಿಯು ಬಟ್ಟಲಿನ ಎಣ್ಣೆಯ ಮೇಲ್ಮೈಯವರೆಗೆ ಇಳಿದು ಥಟ್ಟನೆ ಹಿಂದಿರುಗಿ ಮೇಲೇರಬೇಕು. ಹಗುರವಾದ ಗಾಳಿ ತಿರುಗುತ್ತದೆ. ಧೂಳಿನ ಕಣವು ಜಡತ್ವದಿಂದ ನೇರವಾಗಿ ಹೋಗಿ ಎಣ್ಣೆಯಲ್ಲಿ ಬೀಳುತ್ತದೆ. ನ್ಯೂಟನ್ನನ ಮೊದಲನೆಯ ನಿಯಮದ ಇದಕ್ಕಿಂತ ಅಗ್ಗದ ಪ್ರಯೋಜನ ಬೇರೊಂದಿಲ್ಲ. ಆದರೆ ಬಟ್ಟಲಿನಲ್ಲಿ ಕೆಸರು ತುಂಬಿದರೆ, ಅಥವಾ ಸೋಸುಕದಿಂದ ಎಂಜಿನ್ನಿಗೆ ಹೋಗುವ ರಬ್ಬರಿನ ಕೊಳವೆ ಬಿರಿದರೆ, ಧೂಳಿಗೆ ಹೆಬ್ಬಾಗಿಲು ತೆರೆದಂತೆಯೇ. ಎಂಜಿನ್ನನ್ನು ಮರುಜೋಡಿಸಿ ಹತ್ತು ರೂಪಾಯಿಯ ಕ್ಲಿಪ್ಪನ್ನು ಸಡಿಲವಾಗಿ ಬಿಟ್ಟರೆ ಮಾಡಿದ ಕೆಲಸವೆಲ್ಲ ಒಂದೆರಡು ಹಂಗಾಮಿನಲ್ಲೇ ಸವೆದುಹೋಗುತ್ತದೆ.

ರಿಂಗಿನಿಂದ ಸವೆತವನ್ನು ಅಳೆಯುವುದು

ಧೂಳಿಲ್ಲದಿದ್ದರೂ ಸವೆತ ತಪ್ಪಿದ್ದಲ್ಲ. ಮಿನಿಷಕ್ಕೆ 1500 ಸುತ್ತಿನಲ್ಲಿ ಪಿಸ್ಟನ್ನಿನ ರಿಂಗು ಗಂಟೆಗೆ ಸುಮಾರು 23 ಕಿಲೋಮೀಟರ್ ದೂರವನ್ನು ಉಜ್ಜುತ್ತ ಸಾಗುತ್ತದೆ. 5000 ಗಂಟೆ ದುಡಿದ ಎಂಜಿನ್ನಿನ ರಿಂಗು ಭೂಮಿಯನ್ನು ಸುಮಾರು ಮೂರು ಸಲ ಸುತ್ತಿದಷ್ಟು ದೂರ ಓಡಿರುತ್ತದೆ. ಅದೂ ಒಂದು ಗೇಣಿಗಿಂತ ಚಿಕ್ಕದಾದ ಹಾದಿಯಲ್ಲಿ.

ಈ ಹಾದಿಯೆಲ್ಲ ಒಂದೇ ಸಮನಾಗಿ ಸವೆಯುವುದಿಲ್ಲ. ಮೇಲಿನ ತುದಿಯಲ್ಲಿ ಸವೆತ ಹೆಚ್ಚು. ಅಲ್ಲಿ ಪಿಸ್ಟನ್ನು ಒಂದು ಕ್ಷಣ ನಿಂತು ಹಿಂದಿರುಗುವುದರಿಂದ ಎಣ್ಣೆಯ ಪೊರೆ ಕುಸಿಯುತ್ತದೆ. ಉರಿಯ ಒತ್ತಡವು ರಿಂಗಿನ ಹಿಂದೆ ಹೊಕ್ಕು ಅದನ್ನು ಗೋಡೆಗೆ ಒತ್ತುತ್ತದೆ. ಶಾಖವೂ ಅಲ್ಲಿಯೇ ಹೆಚ್ಚು. ರಿಂಗು ತಲುಪದ ಕಡೆ ಗೋಡೆ ಮೊದಲಿನಂತೆಯೇ ಉಳಿಯುತ್ತದೆ. ಹೆಡ್ಡನ್ನು ತೆಗೆದು ಸಿಲಿಂಡರಿನೊಳಗೆ ಬೆರಳಾಡಿಸಿದರೆ ಈ ಎರಡರ ನಡುವೆ ಒಂದು ಸಣ್ಣ ಮೆಟ್ಟಿಲು ಉಗುರಿಗೆ ತಗುಲುತ್ತದೆ.

ಇನ್ನು ರಿಂಗಿನ ತುದಿಗಳ ನಡುವೆ ಬಿಡುವ ಸಂದನ್ನು ನೋಡೋಣ. ರಿಂಗು ಪೂರ್ಣ ಬಳೆಯಲ್ಲ. ಒಂದು ಕಡೆ ಕತ್ತರಿಸಿರುತ್ತದೆ. ನಮ್ಮ ಎಂಜಿನ್ನಿನ ಅಳತೆಯ ರಿಂಗಿನ ಸುತ್ತಳತೆ 287 ಮಿಲಿಮೀಟರ್. ಬೀಡುಕಬ್ಬಿಣವು ಒಂದು ಡಿಗ್ರಿ ಕಾದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಹನ್ನೊಂದು ಪಾಲಿನಷ್ಟು ಹಿಗ್ಗುತ್ತದೆ. ಸಿಲಿಂಡರಿನ ಗೋಡೆಗಿಂತ ರಿಂಗು 100 ಡಿಗ್ರಿ ಹೆಚ್ಚು ಕಾದರೆ ಅದರ ಉದ್ದ 0.32 ಮಿಲಿಮೀಟರ್ ಬೆಳೆಯುತ್ತದೆ. ಅಷ್ಟು ಜಾಗ ಬಿಡದಿದ್ದರೆ ತುದಿಗಳು ಒಂದಕ್ಕೊಂದು ಒತ್ತಿ ರಿಂಗು ಮುರಿಯುತ್ತದೆ, ಗೋಡೆಯನ್ನು ಗೀಚುತ್ತದೆ. ಒಳವ್ಯಾಸದ ಒಂದೊಂದು ಅಂಗುಲಕ್ಕೂ ಅಂಗುಲದ ಸಾವಿರದಲ್ಲಿ ನಾಲ್ಕು ಭಾಗ ಸಂದು ಬಿಡಬೇಕೆಂಬ ರೂಢಿಯ ಸೂತ್ರವೊಂದಿದೆ. ಸಾವಿರದಲ್ಲಿ ಒಂದು ಭಾಗವನ್ನು ಲೇತಿನ ಕೆಲಸದವರು "ಥೌ" ಎನ್ನುತ್ತಾರೆ. ನಮ್ಮ ಎಂಜಿನ್ನಿಗೆ ಇದು 14 ಥೌ, ಎಂದರೆ 0.37 ಮಿಲಿಮೀಟರ್. ಲೆಕ್ಕಕ್ಕೂ ರೂಢಿಗೂ ಎಷ್ಟು ಹೊಂದಿಕೆಯೆಂಬುದನ್ನು ಗಮನಿಸಿರಿ.

ಈ ಸಂದಿನಿಂದಲೇ ಸಿಲಿಂಡರಿನ ಸವೆತವನ್ನು ಅಳೆಯಬಹುದು. ವೃತ್ತದ ಸುತ್ತಳತೆ ವ್ಯಾಸದ 3.14 ಪಟ್ಟು. ಆದ್ದರಿಂದ ವ್ಯಾಸ ಸ್ವಲ್ಪ ಹೆಚ್ಚಿದರೆ ರಿಂಗಿನ ಸಂದು ಅದರ 3.14 ಪಟ್ಟು ತೆರೆದುಕೊಳ್ಳುತ್ತದೆ. ಪ್ರಕೃತಿಯೇ ನಮಗೆ ಒಂದು ವರ್ಧಕವನ್ನು ಕೊಟ್ಟಂತಾಯಿತು. ಹಳೆಯ ರಿಂಗೊಂದನ್ನು ಸಿಲಿಂಡರಿನೊಳಗೆ ಇಟ್ಟು, ಪಿಸ್ಟನ್ನನ್ನು ತಲೆಕೆಳಗಾಗಿ ಹಿಡಿದು ಸಮನಾಗಿ ಒತ್ತಿ, ಮೊದಲು ಕೆಳತುದಿಯ ಸವೆಯದ ಭಾಗದಲ್ಲಿಯೂ ಆಮೇಲೆ ಮೆಟ್ಟಿಲಿನ ಕೆಳಗೂ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಕೆಳಗೆ 0.55, ಮೇಲೆ 1.25 ಮಿಲಿಮೀಟರ್ ಬಂದಿತೆನ್ನೋಣ. ವ್ಯತ್ಯಾಸ 0.70, ಅದನ್ನು 3.14ರಿಂದ ಭಾಗಿಸಿದರೆ ವ್ಯಾಸವು 0.22 ಮಿಲಿಮೀಟರ್ ಹೆಚ್ಚಿದೆ. ಇದನ್ನು ತಯಾರಕರ ಕೈಪಿಡಿಯಲ್ಲಿರುವ ಮಿತಿಯೊಡನೆ ಹೋಲಿಸಬೇಕು. ಸಿಲಿಂಡರು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಈ ವಿಧಾನ ಸರಾಸರಿಯನ್ನಷ್ಟೇ ಕೊಡುತ್ತದೆ. ಅದಕ್ಕೆ ಎರಡು ದಿಕ್ಕುಗಳಲ್ಲಿ ಅಳೆಯುವ ಡಯಲ್ ಗೇಜು ಬೇಕು. ಆದರೂ ಕೆಲವು ರೂಪಾಯಿಗಳ ಉಪಕರಣದಿಂದ ಇಷ್ಟು ತಿಳಿಯುವುದು ಸಣ್ಣ ಲಾಭವಲ್ಲ.

ಸವೆದ ಸಿಲಿಂಡರಿಗೆ ಬರಿಯ ಹೊಸ ರಿಂಗು ಹಾಕಿದರೆ ಸಾಲದೆ ಎಂದು ಅನೇಕರು ಕೇಳುತ್ತಾರೆ. ಮೇಲೆ ಅಗಲ, ಕೆಳಗೆ ಕಿರಿದಾದ ಗೋಡೆಯಲ್ಲಿ ರಿಂಗು ಪ್ರತಿಯೊಂದು ನಡೆಗೂ ಹಿಗ್ಗಿ ಕುಗ್ಗಬೇಕು. 1500 ಸುತ್ತಿನಲ್ಲಿ ನಡೆಗಳು ಸೆಕೆಂಡಿಗೆ 50. ಬಗ್ಗಿಸಿ ಬಗ್ಗಿಸಿ ತಂತಿಯನ್ನು ಮುರಿಯುವಂತೆ ಇದೂ ದಣಿದು ಮುರಿಯುತ್ತದೆ. ಸಾಲದುದಕ್ಕೆ, ಚೂಪಾದ ಅಂಚಿನ ಹೊಸ ರಿಂಗು ಹಳೆಯ ಮೆಟ್ಟಿಲಿಗೆ ಬಡಿಯುತ್ತದೆ. ಹೀಗಾಗಿ ಸವೆತ ಮಿತಿ ಮೀರಿದ್ದಲ್ಲಿ ಸಿಲಿಂಡರನ್ನು ಹಿಗ್ಗಿಸಿ ಕೊರೆಸಿ ದೊಡ್ಡ ಪಿಸ್ಟನ್ ಹಾಕಬೇಕು. ಇಲ್ಲವೆ ಹಳೆಯ ಲೈನರನ್ನು ತೆಗೆದು ಹೊಸದನ್ನು ಕೂಡಿಸಬೇಕು.

ಎಣ್ಣೆಯ ಮೇಲೆ ತೇಲುವ ದಂಡ

ಈಗ ಎಂಜಿನ್ನಿನ ಕೆಳಭಾಗಕ್ಕೆ ಬರೋಣ. ಉರಿಯುವ ಕ್ಷಣದಲ್ಲಿ ಸಿಲಿಂಡರಿನ ಒತ್ತಡ ಚದರ ಸೆಂಟಿಮೀಟರಿಗೆ 60 ಕಿಲೋಗ್ರಾಮಿನಷ್ಟಾದರೆ, ನಮ್ಮ ಪಿಸ್ಟನ್ನಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಟನ್. ಈ ಭಾರವೆಲ್ಲ ಕ್ರ್ಯಾಂಕಿನ ದಂಡದ ಬೇರಿಂಗುಗಳಿಗೆ ಬರುತ್ತದೆ. ಆದರೂ ದಂಡಕ್ಕೂ ಬೇರಿಂಗಿಗೂ ಲೋಹ ಲೋಹವನ್ನು ಮುಟ್ಟದಂತೆ ಎಣ್ಣೆಯ ಪೊರೆಯೊಂದು ಕಾಯುತ್ತದೆ.

ಇದನ್ನು ಮೊದಲು ಕಂಡವನು ಇಂಗ್ಲೆಂಡಿನ ಬೋಷಾಂ ಟವರ್. 1883ರ ಸುಮಾರಿಗೆ ಅವನು ರೈಲಿನ ಅಚ್ಚಿನ ಬೇರಿಂಗುಗಳ ಘರ್ಷಣೆಯನ್ನು ಪರೀಕ್ಷಿಸುತ್ತಿದ್ದ. ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರ ಕೊರೆದಾಗ, ಎಣ್ಣೆ ಒಳಗೆ ಹೋಗುವುದರ ಬದಲು ಹೊರಗೆ ಚಿಮ್ಮಿತು. ಮರದ ಬೆಣೆಯಿಂದ ಮುಚ್ಚಿದರೆ ಬೆಣೆಯನ್ನೇ ಹೊರದೂಡಿತು. ಒತ್ತಡಮಾಪಕವನ್ನು ಇಟ್ಟು ನೋಡಿದಾಗ ಅದು ಚದರ ಅಂಗುಲಕ್ಕೆ 200 ಪೌಂಡನ್ನು ಮೀರಿತು. ತಿರುಗುವ ದಂಡವು ಎಣ್ಣೆಯನ್ನು ತನ್ನೊಡನೆ ಎಳೆದೊಯ್ದು, ಕಿರಿದಾಗುತ್ತ ಹೋಗುವ ಸಂದಿಗೆ ತುರುಕಿ, ತನ್ನನ್ನು ತಾನೇ ಎತ್ತಿಕೊಳ್ಳುವ ಒತ್ತಡವನ್ನು ಹುಟ್ಟಿಸುತ್ತದೆ. ಇದರ ಗಣಿತವನ್ನು 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಕೊಟ್ಟನು.

ಇಂತಹ ಬೇರಿಂಗಿನಲ್ಲಿ ವ್ಯಾಸದ ಮೇಲೆ ಬಿಡುವ ಸಂದು ಸುಮಾರು 0.06 ಮಿಲಿಮೀಟರ್, ಒಂದು ಕೂದಲೆಳೆಯ ದಪ್ಪದಷ್ಟು. ಕಿರಿದಾದ ಸಂದಿನಲ್ಲಿ ದ್ರವವು ಹರಿಯುವ ಪ್ರಮಾಣ ಸಂದಿನ ಘನಕ್ಕೆ ಅನುಗುಣವಾಗಿರುತ್ತದೆ. ಸಂದು ಎರಡು ಪಟ್ಟಾದರೆ ಅದೇ ಒತ್ತಡದಲ್ಲಿ ಹರಿವು ಎಂಟು ಪಟ್ಟಾಗುತ್ತದೆ. ಎಣ್ಣೆಯ ಪಂಪಾದರೋ ಒಂದು ಸುತ್ತಿಗೆ ಇಂತಿಷ್ಟು ಎಣ್ಣೆಯನ್ನು ಮಾತ್ರ ಕೊಡಬಲ್ಲದು. ಆದುದರಿಂದ ಒತ್ತಡವೇ ಇಳಿದುಹೋಗುತ್ತದೆ. ಕಾದ ಎಣ್ಣೆಯ ಸ್ನಿಗ್ಧತೆಯೂ ಕುಸಿಯುತ್ತದೆ. ಸಾಮಾನ್ಯವಾದ ಎಂಜಿನ್ ಎಣ್ಣೆಯದು 40 ಡಿಗ್ರಿಯಲ್ಲಿ ಇರುವುದಕ್ಕಿಂತ 100 ಡಿಗ್ರಿಯಲ್ಲಿ ಸುಮಾರು ಏಳನೆಯ ಒಂದರಷ್ಟು. ಮುಂಜಾನೆ ನೆಟ್ಟಗೆ ನಿಂತ ಮುಳ್ಳು ಮಧ್ಯಾಹ್ನಕ್ಕೆ ಮಲಗುವುದು ಇದರಿಂದ. ಮಂದವಾದ ಎಣ್ಣೆಯನ್ನು ಹಾಕಿದರೆ ಮುಳ್ಳು ಸ್ವಲ್ಪ ಏಳುತ್ತದೆ. ಸಂದು ಮಾತ್ರ ಹಾಗೆಯೇ ಇರುತ್ತದೆ.

ಸಂದನ್ನು ಅಳೆಯಲು ಒಂದು ಚತುರ ಉಪಾಯವಿದೆ. ಪ್ಲಾಸ್ಟಿಗೇಜ್ ಎಂಬ ತೆಳುವಾದ ಮೆದು ಎಳೆಯನ್ನು ದಂಡದ ಮೇಲಿಟ್ಟು, ಬೇರಿಂಗಿನ ಮುಚ್ಚಳವನ್ನು ಬಿಗಿದು, ದಂಡವನ್ನು ತಿರುಗಿಸದೆ ಮತ್ತೆ ಬಿಚ್ಚಬೇಕು. ಎಳೆ ಚಪ್ಪಟೆಯಾಗಿರುತ್ತದೆ. ಅದರ ಗಾತ್ರ ಬದಲಾಗದುದರಿಂದ, ಸಂದು ಕಿರಿದಾದಷ್ಟೂ ಎಳೆ ಅಗಲವಾಗಿರಬೇಕು. ಅಗಲವನ್ನು ಜೊತೆಯಲ್ಲಿ ಬರುವ ಪಟ್ಟಿಗೆ ಹೋಲಿಸಿ ಸಂದನ್ನು ಓದಬಹುದು. ಮೈಕ್ರೋಮೀಟರಿನಿಂದ ದಂಡವನ್ನು ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳಲ್ಲಿ ಅಳೆದರೆ ಅದು ಗುಂಡಗಿದೆಯೋ ಮೊಟ್ಟೆಯಾಗಿದೆಯೋ ತಿಳಿಯುತ್ತದೆ. ಮೊಟ್ಟೆಯಾಗಿದ್ದರೆ ಹೊಸ ಬೇರಿಂಗಿನಿಂದ ಪ್ರಯೋಜನವಿಲ್ಲ. ದಂಡವನ್ನು ಗ್ರೈಂಡ್ ಮಾಡಿಸಿ, 10, 20 ಅಥವಾ 30 ಥೌ ಕಿರಿದಾದ ದಂಡಕ್ಕೆ ಒಪ್ಪುವ ಬೇರಿಂಗನ್ನು ಹಾಕಬೇಕು. ಹೀಗೆ ಕಡೆಯುವಾಗ ದಂಡದ ಮೂಲೆಗಳನ್ನು ದುಂಡಗೆ ಉಳಿಸುವುದು ಅತ್ಯಗತ್ಯ. ಚೂಪಾದ ಮೂಲೆಯಲ್ಲಿ ಬಲವು ಒಂದೆಡೆ ಕೂಡಿ ಬಿರುಕು ಹುಟ್ಟುತ್ತದೆ.

ಮತ್ತೆ ಕೂಡಿಸುವುದು

ಕೊರೆದ ಸಿಲಿಂಡರಿನ ಗೋಡೆ ಕನ್ನಡಿಯಂತೆ ಹೊಳೆಯಬೇಕೆಂದು ಭಾವಿಸುವವರಿದ್ದಾರೆ. ವಾಸ್ತವದಲ್ಲಿ ಅದರ ಮೇಲೆ ಒಂದನ್ನೊಂದು ಅಡ್ಡ ಹಾಯುವ ನವಿರಾದ ಗೀರುಗಳನ್ನು ಬೇಕೆಂದೇ ಎಳೆಯುತ್ತಾರೆ; ಈ ಕೆಲಸಕ್ಕೆ ಹೋನಿಂಗ್ ಎಂದು ಹೆಸರು. ಗೀರುಗಳು ಎಣ್ಣೆಯನ್ನು ಹಿಡಿದಿಟ್ಟುಕೊಂಡು, ಪೊರೆ ಕುಸಿಯುವ ಮೇಲಿನ ತುದಿಯಲ್ಲಿ ರಿಂಗಿಗೆ ಒದಗಿಸುತ್ತವೆ.

ಹೋನಿಂಗ್ ಆದ ಮೇಲೆ ಉಳಿಯುವ ಅರೆಪುಡಿಯನ್ನು ಸೋಪು, ಬಿಸಿನೀರು, ಬ್ರಷ್ಷುಗಳಿಂದ ತೊಳೆದು, ಬಿಳಿಯ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಉಳಿಯಬೇಕು. ಬೇರಿಂಗಿನ ಸಂದು ವ್ಯಾಸದ ಮೇಲೆ 0.06 ಆದರೆ ಒಂದೊಂದು ಪಕ್ಕಕ್ಕೆ 0.03 ಮಿಲಿಮೀಟರ್. 0.05 ಮಿಲಿಮೀಟರಿನ ಒಂದು ಮರಳಿನ ಕಣ ಅದಕ್ಕಿಂತ ದೊಡ್ಡದು. ರಸ್ತೆಯ ಬದಿಯಲ್ಲಿ, ಗಾಳಿಗೆ ಮೈಯೊಡ್ಡಿ ಎಂಜಿನ್ನನ್ನು ಕೂಡಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ಬೇರೆ ವಿವರಣೆ ಬೇಕಾಗಿಲ್ಲ.

ಹೆಡ್ಡಿನ ಕವಾಟಗಳನ್ನು ಅವುಗಳ ಪೀಠಕ್ಕೆ ಅರೆದು ಕೂಡಿಸಬೇಕು. ಕಾದಾಗ ಕವಾಟದ ಕಾಂಡ ಉದ್ದವಾಗುವುದರಿಂದ ಅದರ ಮೇಲೆ ಕೈಪಿಡಿ ಹೇಳಿದಷ್ಟು ಸಂದನ್ನು ಬಿಡಬೇಕು. ಇಲ್ಲದಿದ್ದರೆ ಕವಾಟ ಪೂರ್ತಿ ಮುಚ್ಚದೆ ಉರಿಯಲ್ಲಿ ಸುಡುತ್ತದೆ. ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಲವು ಸುತ್ತುಗಳಲ್ಲಿ, ಅಳತೆಯ ಸ್ಪ್ಯಾನರಿನಿಂದ ಬಿಗಿಯಬೇಕು. ಒಂದು ಅಂಚಿನಿಂದ ಬಿಗಿದರೆ ಹೆಡ್ಡು ಬಾಗಿ, ಗ್ಯಾಸ್ಕೆಟ್ಟಿನಲ್ಲಿ ಸೋರಿಕೆಗೆ ಹಾದಿಯಾಗುತ್ತದೆ.

ಮರುಹುಟ್ಟಿದ ಎಂಜಿನ್ನಿಗೂ ಕೆಲವು ದಿನ ಆರೈಕೆ ಬೇಕು. ಹೊಸ ರಿಂಗು, ಹೊಸ ಗೋಡೆಗಳ ನವಿರಾದ ಏಣುಗಳು ಒಂದನ್ನೊಂದು ಉಜ್ಜಿ ಹೊಂದಿಕೊಳ್ಳುವವರೆಗೆ ಅತಿಭಾರವೂ ಸಲ್ಲದು, ಭಾರವಿಲ್ಲದೆ ಗಂಟೆಗಟ್ಟಲೆ ಸುಮ್ಮನೆ ಓಡಿಸುವುದೂ ಸಲ್ಲದು. ಭಾರವೇ ಇಲ್ಲದಿದ್ದರೆ ರಿಂಗನ್ನು ಗೋಡೆಗೆ ಒತ್ತುವ ಒತ್ತಡವಿಲ್ಲ. ಗೀರುಗಳಲ್ಲಿ ಎಣ್ಣೆ ಸುಟ್ಟು ಮೆರುಗು ಕೂರುತ್ತದೆ. ಉಜ್ಜಿದ ಲೋಹದ ಪುಡಿಯನ್ನು ಕಳೆಯಲು ಮೊದಲ ಎಣ್ಣೆಯನ್ನು ಬೇಗನೆ ಬದಲಾಯಿಸಬೇಕು. ನಾಟಿಯ ಮೊದಲ ದಿನವೇ ಕೇಜ್ ವೀಲ್ ಕಟ್ಟಿ ಕೆಸರಿಗೆ ಇಳಿಸುವಂತೆ ಕೆಲಸವನ್ನು ಜುಲೈವರೆಗೆ ತಡಮಾಡದೆ, ಬೇಸಿಗೆಯಲ್ಲಿಯೇ ಮುಗಿಸುವುದು ವಿವೇಕ.

ಅರ್ಧವೋ ಪೂರ್ಣವೋ

ಈಗ ಮೊದಲಿನ ಪ್ರಶ್ನೆಗೆ ಉತ್ತರ ಕೊಡಬಹುದು. ಅದಕ್ಕೆ ಮೂರು ಅಂಕಿಗಳು ಬೇಕು.

ಮೊದಲನೆಯದು ಸಿಲಿಂಡರಿನ ಒತ್ತಡ. ನಾಜಲ್ ಇರುವ ರಂಧ್ರಕ್ಕೆ ಮಾಪಕವನ್ನು ಕೂಡಿಸಿ ಸ್ಟಾರ್ಟರಿನಿಂದ ತಿರುಗಿಸಿದರೆ, ಆರೋಗ್ಯವಾದ ಎಂಜಿನ್ನು ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 25ರಿಂದ 30 ಕಿಲೋಗ್ರಾಮಿನಷ್ಟು ತೋರಿಸುತ್ತದೆ; ಮೂರು ಸಿಲಿಂಡರುಗಳೂ ಬಹುಮಟ್ಟಿಗೆ ಸಮನಾಗಿರುತ್ತವೆ. ಕಡಿಮೆಯಿದ್ದಲ್ಲಿ ಒಂದು ಚಿಕ್ಕ ಚಮಚ ಎಣ್ಣೆ ಹಾಕಿ ಮತ್ತೆ ನೋಡಬೇಕು. ಒತ್ತಡ ಚೆನ್ನಾಗಿ ಏರಿದರೆ ಸೋರಿಕೆ ರಿಂಗಿನದು; ಏರದಿದ್ದರೆ ಕವಾಟದ್ದು ಅಥವಾ ಗ್ಯಾಸ್ಕೆಟ್ಟಿನದು. ಆದರೆ ಎಚ್ಚರಿಕೆ ಬೇಕು. ಪಿಸ್ಟನ್ನಿನ ಮೇಲೆ ಕೊನೆಗೆ ಉಳಿಯುವ ಜಾಗ ಸುಮಾರು 50 ಘನ ಸೆಂಟಿಮೀಟರ್ ಮಾತ್ರ. ಎಣ್ಣೆ ಗಾಳಿಯಂತೆ ಕುಗ್ಗುವುದಿಲ್ಲ. ಹೆಚ್ಚಾಗಿ ಸುರಿದರೆ ಕನೆಕ್ಟಿಂಗ್ ರಾಡೇ ಬಾಗಬಹುದು.

ಎರಡನೆಯದು ರಿಂಗಿನ ಸಂದಿನಿಂದ ಬಂದ ಸಿಲಿಂಡರಿನ ಸವೆತ. ಮೂರನೆಯದು ಎಂಜಿನ್ನು ಚೆನ್ನಾಗಿ ಕಾದ ಮೇಲೆ ಎಣ್ಣೆಯ ಒತ್ತಡ, ಮತ್ತು ಅದರೊಡನೆ ದಂಡದ ಅಳತೆ.

ಮೊದಲನೆಯದು ಕೆಟ್ಟು, ದೋಷ ಕವಾಟದ್ದೆಂದು ತಿಳಿದರೆ ಹೆಡ್ಡಿನ ಕೆಲಸವೇ ಸಾಕು. ಮೊದಲ ಎರಡೂ ಕೆಟ್ಟು ಮೂರನೆಯದು ಮಿತಿಯೊಳಗಿದ್ದರೆ ಹಾಫ್ ಎಂಜಿನ್ ಸಾಕು. ಪೂರ್ಣ ಕೆಲಸಕ್ಕೆ ಹಣ ತೆರಬೇಕಾಗಿಲ್ಲ. ಮೂರನೆಯದೂ ಕೆಟ್ಟಿದ್ದರೆ ಹಾಫ್ ಎಂಜಿನ್ ಮಾಡಿಸುವುದು ನಷ್ಟದ ಕೆಲಸ. ಹೊಸ ಪಿಸ್ಟನ್ನುಗಳಿಂದ ಮೇಲೆ ದಮ್ಮು ಮರಳುತ್ತದೆ. ಆ ದಮ್ಮಿನ ಹೊಡೆತವನ್ನೆಲ್ಲ ಎಣ್ಣೆಯಿಲ್ಲದ ಹಳೆಯ ಬೇರಿಂಗು ತಾಳಬೇಕಾಗುತ್ತದೆ.

ನಮ್ಮ ಓದುಗರಲ್ಲಿ ಅನೇಕರ ಮನೆಗಳಲ್ಲಿ ಇಂತಹ ಟ್ರ್ಯಾಕ್ಟರು ಇರಬಹುದು. ಆಯುಧಪೂಜೆಯ ದಿನ ಅದಕ್ಕೆ ಹೂವಿನ ಹಾರ ಹಾಕುವವರು ಮೇಸ್ತ್ರಿಯ ಬಳಿಗೆ ಹೋಗುವ ದಿನ ಒಂದು ಹಾಳೆಯನ್ನೂ ಫೀಲರ್ ಗೇಜನ್ನೂ ಒಯ್ಯಲಿ. ಒಳ್ಳೆಯ ಮೇಸ್ತ್ರಿ ಅಳತೆಯನ್ನು ಕೇಳಿದವರ ಮೇಲೆ ಸಿಟ್ಟಾಗುವುದಿಲ್ಲ; ತನ್ನ ಕೈಯ ಅನುಭವಕ್ಕೆ ಅಂಕಿಯ ಸಾಕ್ಷಿ ಸಿಕ್ಕಿತೆಂದು ಸಂತೋಷಪಡುತ್ತಾನೆ. ಬರೆದಿಟ್ಟ ಆ ಮೂರು ಅಂಕಿಗಳು ಮುಂದಿನ ಸಲ ಎಂಜಿನ್ನು ಬಿಚ್ಚಿದಾಗ ಅದು ಎಷ್ಟು ಗಂಟೆ ದುಡಿದು ಎಷ್ಟು ಸವೆಯಿತೆಂಬುದನ್ನೂ ಹೇಳುವುವು.